ಪಾಸ್‌ವರ್ಡ್ ಸರಿಯಿದ್ದರೂ ಡೊಮೇನ್ ಒಳಗೆ ಬಿಡದಿದ್ದರೆ

ಬೇಸಿಗೆ ರಜೆ ಮುಗಿದು ಕಾಲೇಜುಗಳ ಲ್ಯಾಬ್ ತೆರೆಯುವ ಹೊತ್ತಿಗೆ ಕಲಬುರಗಿಯಲ್ಲಿ ಕಂಪ್ಯೂಟರ್ ನಿರ್ವಹಣೆ ಮಾಡುವ ನಮ್ಮಂಥವರಿಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಪಾಸ್‌ವರ್ಡ್ ಖರೇನೇ ಹಾಕೀವ್ರಿ ಸರ್, ಆದ್ರೂ ತಗೋವಲ್ದು." ಹೋಗಿ ನೋಡಿದರೆ ಪರದೆಯ ಮೇಲೆ, ಈ ಕಂಪ್ಯೂಟರಿಗೂ ಡೊಮೇನ್‌ಗೂ ನಡುವಿನ ಟ್ರಸ್ಟ್ ರಿಲೇಶನ್‌ಶಿಪ್ ವಿಫಲವಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಡೊಮೇನ್ ಎಂದರೆ ಒಂದು ಸಂಸ್ಥೆಯ ವಿಂಡೋಸ್ ಕಂಪ್ಯೂಟರುಗಳನ್ನೂ ಬಳಕೆದಾರರ ಖಾತೆಗಳನ್ನೂ ಸರ್ವರ್ ಮೂಲಕ ಒಟ್ಟಾಗಿ ನಿರ್ವಹಿಸುವ ಜಾಲ. ಯಂತ್ರವನ್ನು ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುವುದೇ ಇದಕ್ಕೆ ಬಹುಪಾಲು ಮಂದಿಗೆ ಗೊತ್ತಿರುವ ಮದ್ದು. ಅದು ಎಷ್ಟೋ ಸಲ ಕೆಲಸ ಮಾಡುತ್ತದೆ ನಿಜ. ಆದರೆ ಮೂಲದ ದೋಷ ಹಾಗೆಯೇ ಉಳಿದು, ಕೆಲವು ದಿನಗಳಲ್ಲಿ ಅದೇ ಯಂತ್ರ ಅಥವಾ ಅದರ ಪಕ್ಕದ ಯಂತ್ರ ಮತ್ತೆ ಮುಷ್ಕರ ಹೂಡುತ್ತದೆ. ಆದ್ದರಿಂದ ಆ ಮದ್ದನ್ನು ಕೊನೆಗೆ ಇಟ್ಟುಕೊಂಡು, ಕಾರಣವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಡೊಮೇನ್‌ಗೆ ಸೇರಿದ ಪ್ರತಿ ಕಂಪ್ಯೂಟರಿಗೂ ಬಳಕೆದಾರರಿಗೆ ಇರುವಂತೆಯೇ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಡೊಮೇನ್‌ನ ಖಾತೆಗಳ ದಾಖಲೆಯಲ್ಲಿ, ಒಂದು ಖಾತೆಯೂ ಒಂದು ಪಾಸ್‌ವರ್ಡೂ ಇರುತ್ತವೆ. ಈ ಪಾಸ್‌ವರ್ಡ್ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಮಾನ್ಯವಾಗಿ 30 ದಿನಗಳಿಗೊಮ್ಮೆ ಕಂಪ್ಯೂಟರ್ ತಾನೇ ಅದನ್ನು ಬದಲಿಸಿ, ಆ ದಾಖಲೆಯನ್ನು ಇಟ್ಟುಕೊಂಡಿರುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ಗೆ ತಿಳಿಸುತ್ತದೆ. ಗಂಜ್‌ನ ಅಡತಿ ಅಂಗಡಿಯಲ್ಲಿ ರೈತನ ಕೈಯಲ್ಲಿರುವ ಚೀಟಿಯೂ ಅಂಗಡಿಯ ಖಾತೆ ಪುಸ್ತಕವೂ ತಾಳೆಯಾದರಷ್ಟೇ ಹಣ ಕೈಗೆ ಬರುವಂತೆ, ಎರಡೂ ಕಡೆಯ ಪಾಸ್‌ವರ್ಡ್ ತಾಳೆಯಾದರಷ್ಟೇ ಕಂಪ್ಯೂಟರ್ ತನ್ನ ಗುರುತನ್ನು ಸಾಬೀತುಪಡಿಸಿಕೊಳ್ಳುತ್ತದೆ. ಆ ಬಳಿಕವೇ ನಿಮ್ಮ ಪಾಸ್‌ವರ್ಡಿನ ಸರದಿ.

ಇಲ್ಲೊಂದು ತಪ್ಪು ನಂಬಿಕೆಯನ್ನು ತಿದ್ದಬೇಕಿದೆ. ಏಪ್ರಿಲ್, ಮೇ ಎರಡೂ ತಿಂಗಳು ಯಂತ್ರ ಬಂದ್ ಇದ್ದುದರಿಂದ 30 ದಿನದ ಗಡುವು ಮೀರಿ ಸಂಬಂಧ ಕಡಿದುಹೋಯಿತು ಎಂದು ತಿಳಿದವರೂ ಹೇಳುವುದುಂಟು. ಅದು ಹಾಗಲ್ಲ. ಬದಲಾವಣೆಯನ್ನು ಆರಂಭಿಸುವುದು ಕಂಪ್ಯೂಟರೇ ಹೊರತು ಸರ್ವರ್ ಅಲ್ಲ. ಯಂತ್ರ ಮಲಗಿದ್ದರೆ ಎರಡೂ ಕಡೆ ಹಳೆಯ ಪಾಸ್‌ವರ್ಡೇ ಇರುತ್ತದೆ, ಎದ್ದ ಮೇಲೆ ಅದು ಹೊಸದನ್ನು ಮಾಡಿಕೊಳ್ಳುತ್ತದೆ. ಬಹುದಿನ ಲಾಗಿನ್ ಆಗದ ಕಂಪ್ಯೂಟರ್ ಖಾತೆಗಳನ್ನು ಹುಡುಕಿ ನಿಷ್ಕ್ರಿಯಗೊಳಿಸುವ ಪದ್ಧತಿಯನ್ನು ನಿಮ್ಮ ಅಡ್ಮಿನ್ ಇಟ್ಟುಕೊಂಡಿದ್ದರೆ ಮಾತ್ರ ರಜೆಯೇ ಕಾರಣವಾಗಬಹುದು. ರಜೆಯ ನಂತರ ತೊಂದರೆ ಹೆಚ್ಚುವುದಕ್ಕೆ ಬೇರೆ ಕಾರಣಗಳಿವೆ. ಅವು ಮುಂದೆ ಬರುತ್ತವೆ.

ಮೊದಲು ಕೇಳಬೇಕಾದ ಪ್ರಶ್ನೆ, ತೊಂದರೆ ಎಷ್ಟು ಯಂತ್ರಗಳಿಗೆ ಎಂಬುದು. ಇಡೀ ಲ್ಯಾಬ್ ನಿಂತಿದ್ದರೆ ಸ್ವಿಚ್ ಅಥವಾ ಸರ್ವರ್ ನೋಡಬೇಕು. ಒಬ್ಬರಿಗೆ ಮಾತ್ರ ಯಾವ ಯಂತ್ರದಲ್ಲೂ ಆಗದಿದ್ದರೆ ಅವರ ಖಾತೆ ಲಾಕ್ ಆಗಿದೆಯೇ ಎಂದು ನೋಡಬೇಕು. ಒಂದೇ ಯಂತ್ರ ಎಲ್ಲರನ್ನೂ ತಿರಸ್ಕರಿಸುತ್ತಿದ್ದರೆ ಈ ಲೇಖನ ಅದಕ್ಕಾಗಿಯೇ. ಸಂದೇಶದ ಪದಗಳನ್ನೂ ಓದಿ, ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಡೊಮೇನ್ ಲಭ್ಯವಿಲ್ಲ ಎಂದಿದ್ದರೆ ನೆಟ್‌ವರ್ಕ್‌ನ ದಾರಿ ಕೆಟ್ಟಿದೆ; ಟ್ರಸ್ಟ್ ವಿಫಲ ಎಂದಿದ್ದರೆ ದಾರಿ ಸಿಕ್ಕಿದೆ, ಗುರುತು ತಾಳೆಯಾಗಿಲ್ಲ; ಸರ್ವರ್‌ನಲ್ಲಿ ಈ ಯಂತ್ರದ ಖಾತೆಯೇ ಇಲ್ಲ ಎಂದಿದ್ದರೆ ಯಾರೋ ಅದನ್ನು ಅಳಿಸಿರುವ ಸಾಧ್ಯತೆಯೇ ಹೆಚ್ಚು.

ಯಂತ್ರದ ಒಳಗೆ ಹೋಗದೆ ಪರೀಕ್ಷೆ ನಡೆಯದು. ಲಾಗಿನ್ ಪರದೆಯಲ್ಲಿ ಹೆಸರಿಗೆ ಮುಂಚೆ ಒಂದು ಚುಕ್ಕೆ, ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರವೇಶಿಸಿ. ಅದರ ಪಾಸ್‌ವರ್ಡ್ ಮರೆತಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು, ಹಿಂದೆ ಅದೇ ಯಂತ್ರದಲ್ಲಿ ಕೆಲಸ ಮಾಡಿದ ಅಡ್ಮಿನ್ ಖಾತೆಯಿಂದ ಪ್ರಯತ್ನಿಸಿ. ವಿಂಡೋಸ್ ಸಾಮಾನ್ಯವಾಗಿ ಕೊನೆಯ 10 ಬಳಕೆದಾರರ ಗುರುತನ್ನು ತನ್ನಲ್ಲೇ ಉಳಿಸಿಕೊಂಡಿರುವುದರಿಂದ, ಸರ್ವರ್ ಕಾಣದಿದ್ದಾಗ ಆ ನೆನಪಿನ ಮೇಲೆ ಬಾಗಿಲು ತೆರೆಯುತ್ತದೆ. ಒಳಹೊಕ್ಕ ಮೇಲೆ ಕೇಬಲ್ ಮತ್ತೆ ಚುಚ್ಚಬೇಕು ಎಂಬುದನ್ನು ಮರೆಯಬಾರದು. ನಾನು ಮರೆತು ಅರ್ಧ ತಾಸು ತಲೆ ಕೆರೆದುಕೊಂಡದ್ದುಂಟು.

ಈಗ ದಾರಿಯ ಪರೀಕ್ಷೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಎಂದು ಕೊಟ್ಟು ಡಿಎನ್‌ಎಸ್ ಸರ್ವರ್, ಅಂದರೆ ಹೆಸರು ಕೊಟ್ಟರೆ ಯಂತ್ರದ ವಿಳಾಸ ಹೇಳುವ ಸರ್ವರ್, ಎಂಬ ಸಾಲನ್ನು ನೋಡಿ. ಅಲ್ಲಿ ಡೊಮೇನ್ ಕಂಟ್ರೋಲರ್‌ನ ವಿಳಾಸ, ಅಥವಾ ಡೊಮೇನ್‌ನ ದಾಖಲೆಗಳನ್ನು ಬಲ್ಲ ಕಚೇರಿಯದೇ ಡಿಎನ್‌ಎಸ್ ಸರ್ವರ್‌ನ ವಿಳಾಸ ಇರಬೇಕು. ಎಂದೋ ಇಂಟರ್ನೆಟ್ ನಿಧಾನವಾದಾಗ ಯಾರೋ 8.8.8.8 ಎಂದು ಗೂಗಲ್‌ನ ವಿಳಾಸ ತುಂಬಿ ಹೋಗಿರುತ್ತಾರೆ. ಬ್ರೌಸರ್ ಚೆನ್ನಾಗಿಯೇ ಓಡುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಿಮ್ಮ ಕಟ್ಟಡದೊಳಗಿನ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂಬುದು ಗೂಗಲ್‌ಗೆ ತಿಳಿಯುವ ಮಾತಲ್ಲ. ಎರಡನೆಯ ಡಿಎನ್‌ಎಸ್ ಆಗಿಯೂ ಅದನ್ನು ಇಡಬಾರದು. ತಿದ್ದಿದ ಮೇಲೆ ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಕೊಟ್ಟು, ಎನ್‌ಎಲ್‌ಟೆಸ್ಟ್ ಸ್ಲ್ಯಾಶ್ ಡಿಎಸ್‌ಗೆಟ್‌ಡಿಸಿ, ಕೋಲನ್, ಡೊಮೇನ್ ಹೆಸರು ಎಂದು ಟೈಪ್ ಮಾಡಿದರೆ ಕಂಟ್ರೋಲರ್‌ನ ಹೆಸರೂ ವಿಳಾಸವೂ ಬರಬೇಕು.

ಆಮೇಲೆ ಗಡಿಯಾರ. ಗುರುತು ಪರೀಕ್ಷಿಸಲು ಡೊಮೇನ್ ಬಳಸುವ ಕೆರ್ಬರೋಸ್ ಪದ್ಧತಿಯಲ್ಲಿ ಯಂತ್ರಕ್ಕೂ ಸರ್ವರ್‌ಗೂ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಗುರುತನ್ನು ಒಪ್ಪುವುದಿಲ್ಲ. ರಜೆಯ ನಂತರದ ಕರೆಗಳಲ್ಲಿ ದೊಡ್ಡ ಪಾಲು ಇದರದೇ. ಗೋಡೆಯ ಸ್ವಿಚ್ ಬಂದ್ ಮಾಡಿ ಬೀಗ ಹಾಕಿದ ಲ್ಯಾಬ್‌ನಲ್ಲಿ ಮದರ್‌ಬೋರ್ಡಿನ ಗಡಿಯಾರ ನಡೆಯುವುದು ನಾಣ್ಯದಷ್ಟು ಅಗಲದ 3 ವೋಲ್ಟ್ ಸೆಲ್‌ನ ಬಲದಿಂದ. ಸಿಆರ್2032 ಎಂಬ ಆ ಸೆಲ್ ಸತ್ತಿದ್ದರೆ ಯಂತ್ರ ಎಷ್ಟೋ ವರ್ಷ ಹಿಂದಿನ ದಿನಾಂಕದಲ್ಲಿ ಎಚ್ಚರಗೊಳ್ಳುತ್ತದೆ. ಸಮಯ ತಿದ್ದಿ ಬಿಟ್ಟರೆ ಸಾಲದು, ಸೆಲ್ಲನ್ನೂ ಬದಲಿಸಬೇಕು.

ಇದಕ್ಕಿಂತ ಕಣ್ಣು ತಪ್ಪಿಸುವ ದೋಷವೆಂದರೆ ಟೈಮ್ ಝೋನ್. ವಿಂಡೋಸ್ ಹಾಕುವಾಗ ಅಮೆರಿಕದ ಪೆಸಿಫಿಕ್ ವಲಯ ಉಳಿದುಹೋಗಿ, ಮೂಲೆಯಲ್ಲಿ ತಪ್ಪು ವೇಳೆ ಕಂಡವರು ಮುಳ್ಳನ್ನು ತಿರುಗಿಸಿದಂತೆ ಸಮಯವನ್ನಷ್ಟೇ ಬದಲಿಸಿರುತ್ತಾರೆ. ಈಗ ಪರದೆಯೂ ಗೋಡೆಯ ಗಡಿಯಾರವೂ ಬೆಳಿಗ್ಗೆ 10.30 ಎನ್ನುತ್ತವೆ. ಆದರೆ ಕೆರ್ಬರೋಸ್ ಲೆಕ್ಕ ಹಾಕುವುದು ಜಾಗತಿಕ ಸಮಯದಲ್ಲಿ. ಜೂನ್ ತಿಂಗಳಲ್ಲಿ ಆ ಯಂತ್ರ ಸರ್ವರ್‌ಗಿಂತ ಹನ್ನೆರಡೂವರೆ ತಾಸು ಮುಂದಿರುತ್ತದೆ. ವಲಯದ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂದಿರುವ ಸಾಲನ್ನು ಆರಿಸಬೇಕು. ಅದರಲ್ಲಿ ಬೆಂಗಳೂರೇ ಇಲ್ಲ, ಕಲಬುರಗಿಯನ್ನು ಹುಡುಕಿ ಪ್ರಯೋಜನವಿಲ್ಲ. ಬಳಿಕ ಡಬ್ಲ್ಯು32ಟಿಎಂ ಸ್ಲ್ಯಾಶ್ ರಿಸಿಂಕ್ ಎಂದು ಕೊಡಿ. ಅದು ವಿಫಲವಾದರೆ ಸರ್ವರ್‌ನ ಸಮಯ ನೋಡಿ ಕೈಯಿಂದಲೇ ಹೊಂದಿಸಿ.

ದಾರಿಯೂ ಸಮಯವೂ ಸರಿಯಿದ್ದರೆ ಗುರುತಿನ ಪರೀಕ್ಷೆ ಮಾಡಬಹುದು. ವಿಂಡೋಸ್ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಎಂದು ಕೊಡಿ. ಟ್ರೂ ಬಂದರೆ ಸಂಬಂಧ ನೆಟ್ಟಗಿದೆ, ಫಾಲ್ಸ್ ಬಂದರೆ ಕಡಿದಿದೆ. ಪವರ್‌ಶೆಲ್ 7ರಲ್ಲಿ ಈ ಕಮಾಂಡ್ ಇಲ್ಲ. ವಿಂಡೋಸ್ ಜೊತೆಗೇ ಬರುವ 5.1 ಆವೃತ್ತಿಯೇ ಬೇಕು. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ ನೆಟ್‌ಲಾಗಾನ್ ಹೆಸರಿನ ದಾಖಲೆಗಳನ್ನೂ ನೋಡಿ: 5719 ಎಂದರೆ ಕಂಟ್ರೋಲರ್ ಜೊತೆ ಸಂಪರ್ಕವನ್ನೇ ಸ್ಥಾಪಿಸಲಾಗಲಿಲ್ಲ, 3210 ಎಂದರೆ ಕಂಟ್ರೋಲರ್ ಎದುರು ಗುರುತು ಸಾಬೀತಾಗಲಿಲ್ಲ.

ಗುರುತು ಕೆಡಲು ಸಾಮಾನ್ಯ ಕಾರಣ, ಡಿಸ್ಕಿನ ಹಳೆಯ ಸ್ಥಿತಿಯನ್ನು ಉಳಿಸಿಟ್ಟ ಬ್ಯಾಕಪ್ ಇಮೇಜ್ ಅಥವಾ ಸ್ನ್ಯಾಪ್‌ಶಾಟ್‌ಗೆ ಯಂತ್ರವನ್ನು ಹಿಂದಿರುಗಿಸುವುದು. ಡಿಸ್ಕಿನ ಜೊತೆಗೆ ಪಾಸ್‌ವರ್ಡೂ ಹಿಂದಕ್ಕೆ ಹೋಗುತ್ತದೆ, ಸರ್ವರ್ ಮಾತ್ರ ಹೊಸದನ್ನೇ ಕೇಳುತ್ತದೆ. ಒಂದೇ ಡಿಸ್ಕನ್ನು ಸಿಸ್‌ಪ್ರೆಪ್ ಮಾಡದೆ (ಯಂತ್ರದ ಸ್ವಂತ ಗುರುತನ್ನು ತೆಗೆದು ನಕಲಿಗೆ ಸಿದ್ಧಗೊಳಿಸುವ ವಿಂಡೋಸ್ ಉಪಕರಣ ಅದು) ಹಲವು ಯಂತ್ರಗಳಿಗೆ ನಕಲು ಮಾಡುವ ಅಭ್ಯಾಸವೂ ಈಗ ದುಬಾರಿಯಾಗಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಗೆ 2025ರಲ್ಲಿ ಬಂದ ಅಪ್‌ಡೇಟ್‌ಗಳ ನಂತರ ಒಂದೇ ಎಸ್‌ಐಡಿ, ಅಂದರೆ ವಿಂಡೋಸ್ ಒಳಗೆ ಬಳಸುವ ಗುರುತಿನ ಸಂಖ್ಯೆ, ಹೊತ್ತ ಯಂತ್ರಗಳು ಪರಸ್ಪರರ ಗುರುತನ್ನು ಒಪ್ಪುವುದಿಲ್ಲ.

ಇನ್ನೊಂದು ಕಾರಣ ನಮ್ಮ ಊರಿನದೇ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಆ ಮೇಲೆ ಎಷ್ಟೋ ವರ್ಷಕ್ಕೆ ಒಂದು ಲ್ಯಾಬ್‌ನವರು ಯಂತ್ರಗಳ ಹೆಸರನ್ನೂ ಬದಲಿಸಲು ಹೊರಟರು. ಹಳೆಯ ಹೆಸರು ಗುಲಬರ್ಗಾ-ಲ್ಯಾಬ್-01 ಎಂಬಂತಿತ್ತು. ಇಂಗ್ಲಿಷ್‌ನಲ್ಲಿ ಬರೆದು ಎಣಿಸಿದರೆ ಊರಿಗೆ 8, ಲ್ಯಾಬ್‌ಗೆ 3, ಎರಡು ಅಡ್ಡಗೀಟು, ಎರಡು ಅಂಕಿ, ಒಟ್ಟು 15. ಹೊಸ ಊರಿನ ಹೆಸರಿಗೆ 10 ಅಕ್ಷರವಾದ್ದರಿಂದ ಒಟ್ಟು 17 ಆಯಿತು. ನೆಟ್‌ಬಯೋಸ್ ಹೆಸರಿಗೆ, ಅಂದರೆ ವಿಂಡೋಸ್ ಜಾಲದಲ್ಲಿ ಯಂತ್ರಕ್ಕಿರುವ ಚಿಕ್ಕ ಹೆಸರಿಗೆ, ಮಿತಿ 15. ವಿಂಡೋಸ್ ಎಚ್ಚರಿಕೆ ಕೊಟ್ಟಿತು, ಓಕೆ ಒತ್ತಿದರು. ಕೊನೆಯ ಎರಡು ಅಂಕಿಗಳು ಕತ್ತರಿಸಿ ಹೋಗಿ ಎಲ್ಲ ಯಂತ್ರಗಳಿಗೂ ಒಂದೇ ಹೆಸರು ಉಳಿಯಿತು. ಎರಡನೆಯ ಯಂತ್ರವನ್ನು ಡೊಮೇನ್‌ಗೆ ಸೇರಿಸಿದೊಡನೆ ಅದು ಮೊದಲನೆಯದರ ಖಾತೆಯನ್ನೇ ತನ್ನದಾಗಿಸಿಕೊಂಡಿತು, ಮೂರನೆಯದು ಎರಡನೆಯದರದ್ದನ್ನು. ಯಾವುದನ್ನು ಕೊನೆಗೆ ಸೇರಿಸುತ್ತಾರೋ ಅದೊಂದೇ ಕೆಲಸ ಮಾಡುತ್ತಿತ್ತು. ತೆಗೆದು ಸೇರಿಸುವ ಮದ್ದನ್ನು ಅವರು ದಿನವಿಡೀ ಸರದಿಯಂತೆ ಮಾಡಿದ್ದರು. ಊರಿನ ಹೆಸರನ್ನು ಕೆಎಲ್‌ಬಿ ಎಂದು ಮೂರಕ್ಷರಕ್ಕಿಳಿಸಿದಾಗ ರಗಳೆ ಮುಗಿಯಿತು.

ಆದ್ದರಿಂದ ದುರಸ್ತಿಗೆ ಮುನ್ನ ಸರ್ವರ್‌ನ ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ತೆರೆದು, ಈ ಯಂತ್ರದ ಖಾತೆ ಇದೆಯೇ, ನಿಷ್ಕ್ರಿಯವಾಗಿದೆಯೇ, ಅದೇ ಹೆಸರನ್ನು ಬೇರೆ ಯಂತ್ರ ಬಳಸುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ನಿಷ್ಕ್ರಿಯವಾಗಿದ್ದರೆ ಎನೇಬಲ್ ಮಾಡಿದರೆ ಸಾಕಾಗಬಹುದು. ಎಲ್ಲ ಸರಿಯಿದ್ದೂ ಫಾಲ್ಸ್ ಎಂದೇ ಬರುತ್ತಿದ್ದರೆ ಅದೇ ಪವರ್‌ಶೆಲ್ ಕಮಾಂಡಿನ ನಂತರ -ರಿಪೇರ್ -ಕ್ರೆಡೆನ್ಶಿಯಲ್ ಎಂದು ಸೇರಿಸಿ, ಡೊಮೇನ್ ಹೆಸರು, ಬ್ಯಾಕ್‌ಸ್ಲ್ಯಾಶ್, ಅಡ್ಮಿನ್ ಹೆಸರು ಬರೆದು ಎಂಟರ್ ಒತ್ತಿ. ಪಾಸ್‌ವರ್ಡ್ ಕೇಳುವ ಕಿಟಕಿ ತೆರೆಯುತ್ತದೆ. ಎರಡೂ ಕಡೆಯ ಗುಪ್ತ ಪಾಸ್‌ವರ್ಡ್ ಹೊಸದಾಗಿ ಹೊಂದಿಕೊಂಡು ಟ್ರೂ ಎಂಬ ಉತ್ತರ ಬರುತ್ತದೆ. ಡೊಮೇನ್ ಬಿಡುವ ಗೋಜಿಲ್ಲದೆ, ಎರಡು ಸಲ ರೀಸ್ಟಾರ್ಟ್ ಮಾಡುವ ತಾಪತ್ರಯವಿಲ್ಲದೆ ಮುಗಿಯುವ ಈ ದಾರಿಯೇ ನನ್ನ ಮೊದಲ ಆಯ್ಕೆ. ಇದು ಕೈಕೊಟ್ಟರೆ ರಿಸೆಟ್-ಕಂಪ್ಯೂಟರ್‌ಮೆಷಿನ್‌ಪಾಸ್‌ವರ್ಡ್ ಎಂಬ ಕಮಾಂಡಿಗೆ ಸರ್ವರ್‌ನ ಹೆಸರು ಕೊಟ್ಟು ಪ್ರಯತ್ನಿಸಬಹುದು.

ಅದೂ ಆಗದಿದ್ದಾಗ ಮಾತ್ರ ಡೊಮೇನ್‌ನಿಂದ ತೆಗೆಯುವ ಮಾತು. ತೆಗೆಯುವ ಮುಂಚೆ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ನಿಜವಾಗಿಯೂ ಒಳಹೋಗಲು ಆಗುತ್ತದೆಯೇ ಎಂದು ಒಮ್ಮೆ ಲಾಗಿನ್ ಆಗಿಯೇ ನೋಡಿ. ಡೊಮೇನ್ ಬಿಟ್ಟು ವರ್ಕ್‌ಗ್ರೂಪ್‌ಗೆ, ಅಂದರೆ ಸರ್ವರ್ ಹಂಗಿಲ್ಲದ ಸ್ಥಿತಿಗೆ, ಬದಲಾದ ಮೇಲೆ ಅದೊಂದೇ ಬಾಗಿಲು. ಸರ್ವರ್‌ನಲ್ಲಿರುವ ಕಂಪ್ಯೂಟರ್ ಖಾತೆಯನ್ನು ಡಿಲೀಟ್ ಮಾಡಬೇಡಿ, ರಿಸೆಟ್ ಅಕೌಂಟ್ ಆರಿಸಿ. ಅಳಿಸಿದರೆ ಆ ಯಂತ್ರದ ಗ್ರೂಪ್ ಸದಸ್ಯತ್ವವೂ, ಅಲ್ಲೇ ಉಳಿಸಿದ್ದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಕೂಡ ಜೊತೆಗೆ ಹೋಗುತ್ತವೆ. ಮತ್ತೆ ಸೇರಿಸುವಾಗ, ಮೊದಲು ಆ ಖಾತೆ ಮಾಡಿದವರ ಹೆಸರನ್ನೇ ಬಳಸಿ. 2022ರ ಅಕ್ಟೋಬರ್‌ನ ಭದ್ರತಾ ಅಪ್‌ಡೇಟ್ ನಂತರ ಇತರರು ಈಗಾಗಲೇ ಇರುವ ಖಾತೆಯನ್ನು ಮರುಬಳಸಲು ಹೋದರೆ ವಿಂಡೋಸ್ ತಡೆಯಬಹುದು. ಬಳಕೆದಾರರ ಡೆಸ್ಕ್‌ಟಾಪ್, ಕಡತಗಳ ಬಗ್ಗೆ ಗಾಬರಿ ಬೇಡ: ಅವರು ಅದೇ ಡೊಮೇನ್ ಖಾತೆಯಿಂದ ಬಂದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿರುವ ಹಳೆಯ ಪ್ರೊಫೈಲೇ ತೆರೆದುಕೊಳ್ಳುತ್ತದೆ. ರೀಸ್ಟಾರ್ಟ್ ಆದ ಮೇಲೆ, ಆ ಯಂತ್ರದಲ್ಲಿ ಹಿಂದೆಂದೂ ಕೂರದ ಒಬ್ಬರನ್ನು ಕರೆದು ಲಾಗಿನ್ ಮಾಡಿಸಿ. ಹಳಬರು ಒಳಹೋದರೆ ಅದು ಉಳಿಸಿಟ್ಟ ನೆನಪಿನ ಬಲದಿಂದಲೂ ಇರಬಹುದು. ಹೊಸಬರಿಗೆ ಬಾಗಿಲು ತೆರೆಯಲು ಸರ್ವರ್ ಒಪ್ಪಲೇಬೇಕು.