ಗ್ಯಾಸ್ ಒಲೆಯ ಮನೆಯಲ್ಲಿ ಊರ ಬೀಜ ಉಳಿಸಿದ್ದು

ಈ ಸಲ ಭತ್ತ ಕೊಯ್ದ ಗದ್ದೆಗೆ ಹಾಕಿದ ಮೊಗೆ (ಸಾಂಬಾರು ಸೌತೆ), ಬಿಳಿ ಕಾಯಿಯ ಹಾಲುಬೆಂಡೆ, ಹೀರೆ, ಅಲಸಂದೆ ಎಲ್ಲವೂ ನಮ್ಮ ಮನೆಯದೇ ಬೀಜ. ಅಂಗಡಿಯಿಂದ ಒಂದು ಪ್ಯಾಕೆಟ್ ಕೂಡ ತರಲಿಲ್ಲ. ಅಂಕೋಲಾ ಕಡೆಯ ಮರಳು ಗದ್ದೆ, ಹತ್ತು ಗುಂಟೆ ಚಿಲ್ಲರೆ ಜಾಗ. ಮೊಗೆ ಬೀಜ 20ಕ್ಕೆ 16–17 ಹುಟ್ಟಿತು. ಬೆಂಡೆ ಸ್ವಲ್ಪ ಕಡಿಮೆ, ಆದರೂ ಸಾಲು ತುಂಬಿತು. ‘ಆಷಾಢ ದಾಟಿದ ಬೀಜ ಈಗಿನ ಮನೆಗಳಲ್ಲಿ ಬದುಕೂದಿಲ್ಲ ತಂಗೀ, ಸುಮ್ನೆ ದುಡ್ಡು ಹಾಳು’ ಎಂದಿದ್ದ ಪಕ್ಕದ ಮನೆ ಅಕ್ಕ ಈಗ ತಮಗೂ ಬೀಜ ಇಡುವ ಒಂದು ಬಾಟಲಿ ಮಾಡಿಕೊಡು ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೀಜಕ್ಕೆ ಕಾಯಿ ಬಿಡುವುದು, ಬಲಿಯುವುದು, ತೆಗೆಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ತೊಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಕರಾವಳಿಯಲ್ಲಿ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವುದು ಇದೇ ನಡುವೆ. ಹಾಕಿಟ್ಟ ಬಟ್ಟೆಗೇ ಬೂಷ್ಟು ಬರುತ್ತದೆ, ಬೀಜದ್ದು ಕೇಳಬೇಕಾ? ಅತ್ತೆಯವರ ಕಾಲದಲ್ಲಿ ಬೆಂಡೆ, ಹೀರೆ ಕಾಯಿಗಳು ಒಲೆಯ ಮೇಲೆ ಹೊಗೆಯಲ್ಲಿ ತೂಗುತ್ತಿದ್ದವು. ಮೊಗೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಹಚ್ಚುತ್ತಿದ್ದರು. ಒಲೆ ದಿನವಿಡೀ ಉರಿಯುತ್ತಿತ್ತು, ಗೋಡೆ ಮಣ್ಣಿನದು. ಈಗ ಗ್ಯಾಸು, ಸಿಮೆಂಟು ಗೋಡೆ, ಮೇಲೆ ಬಣ್ಣ. ಬೀಜ ಇಡುವ ಹಳೆಯ ರೀತಿ ನಿಂತಿದ್ದೇ ಆ ಒಲೆಯ ಮೇಲೆ. ಒಲೆ ಹೋದಾಗ ಬೀಜವೂ ಹೋಯಿತು. ನಮ್ಮ ಕೇರಿಯಲ್ಲಿ ಊರ ತಳಿ ಕಡಿಮೆಯಾಗಿದ್ದಕ್ಕೆ ಹೈಬ್ರಿಡ್ ಎಷ್ಟು ಕಾರಣವೋ ಈ ಅಡುಗೆಮನೆಯೂ ಅಷ್ಟೇ ಕಾರಣ ಎಂದು ನಾನು ನಂಬಿದ್ದೇನೆ.

ಏನೇನೆಲ್ಲ ಕೈಕೊಟ್ಟಿತು ಹೇಳುತ್ತೇನೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟದ್ದು ಒಳಗೇ ಬೆವೆತು ಕಪ್ಪಾಯಿತು. ಬೂದಿ ತುಂಬಿದ ಡಬ್ಬಿಯಲ್ಲಿ ಅಲಸಂದೆ ಉಳಿಯಿತು, ಹುಳ ಹಿಡಿಯಲಿಲ್ಲ. ಅದೇ ಡಬ್ಬಿಯ ಹೀರೆ ಬೀಜ ಪೂರ್ತಿ ಸತ್ತಿತ್ತು. ಫ್ರಿಜ್‌ನಲ್ಲಿಟ್ಟೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ತಣ್ಣಗಿದ್ದದ್ದು ಬಿಸಿಯಾದ ಕೂಡಲೇ ನೀರು ಕಟ್ಟುತ್ತದೆ. ಆಮೇಲೆ ತೇವ ಹೀರುವ ಸಿಲಿಕಾ ಹರಳು ತರಿಸಿದೆ, 600–700 ರೂಪಾಯಿ ಇರಬೇಕು. ಕೆಲಸ ಮಾಡಿತು ನಿಜ. ಆದರೆ ಒಂದು ಹಿಡಿ ಬೆಂಡೆ ಬೀಜಕ್ಕೆ ಅಷ್ಟು ಖರ್ಚು ಮಾಡುವವರು ಯಾರು? ಈ ಎಲ್ಲ ವರ್ಷ ಕೊನೆಗೆ ಅಂಗಡಿ ಬೀಜವನ್ನೇ ತರಬೇಕಾಯಿತು. ವರ್ಷಕ್ಕೆ 3–4 ಸಾವಿರ ಅದಕ್ಕೇ ಹೋಗುತ್ತಿತ್ತು. ಒಂದು ವರ್ಷ ಬೆಂಡೆಗೆ ಹಳದಿ ರೋಗ ಬಂದು ಆ ದುಡ್ಡೂ ಮುಳುಗಿತು.

ಕಡೆಗೆ ಕೈ ಹಿಡಿದದ್ದು ಹುರಿದ ಅಕ್ಕಿ. ಬೆಳ್ತಿಗೆ ಅಕ್ಕಿಯನ್ನು (ಕುಚ್ಚಲಕ್ಕಿ ಅಲ್ಲ) ದಪ್ಪ ಬಾಣಲೆಯಲ್ಲಿ ಕೆಂಪಗೆ ಹುರಿಯಬೇಕು. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಆರಿಸಬೇಕು. ತೆರೆದಿಟ್ಟು ಆರಿಸಿದರೆ ಗಾಳಿಯ ತೇವವನ್ನೆಲ್ಲ ಅದು ಮೊದಲೇ ಕುಡಿದುಬಿಡುತ್ತದೆ. ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಅರ್ಧದಷ್ಟು ಈ ಅಕ್ಕಿ, ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿದ ಬೀಜ. ಬೀಜ ಒಂದು ಪಾಲಾದರೆ ಅಕ್ಕಿ ಎರಡು ಪಾಲು. ಬಾಟಲಿಗೆ ಹಾಕುವ ಮುಂಚೆ ಬೀಜ ನೆರಳಲ್ಲಿ ಚೆನ್ನಾಗಿ ಒಣಗಿರಲೇಬೇಕು. ಮೊಗೆ ಬೀಜ ಬಗ್ಗಿಸಿದರೆ ಚಟ್ಟನೆ ಮುರಿಯಬೇಕು. ಬಗ್ಗಿದರೆ ಇನ್ನೂ ಎರಡು ದಿನ ಬಿಡಿ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯುವಾಗ ಒಮ್ಮೆ, ಆಗಸ್ಟ್ ಮೊದಲಿಗೆ ಆಶ್ಲೇಷದ ಹೊತ್ತಿಗೆ ಇನ್ನೊಮ್ಮೆ ಅಕ್ಕಿ ಬದಲಿಸುತ್ತೇನೆ. ತೆಗೆದ ಅಕ್ಕಿ ಕೋಳಿಗೆ. ಒಟ್ಟು ಎರಡು ಮೂರು ಸೇರು ಅಕ್ಕಿ ಹಿಡಿದಿರಬಹುದು, ಅಷ್ಟೇ ಖರ್ಚು.

ಬಾಟಲಿಯ ಮುಚ್ಚಳ ಬಿಗಿ ಮಾಡಲು ನನ್ನದೇ ಒಂದು ಉಪಾಯ ಇದೆ. ಅದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಅಲಸಂದೆಗೆ ಇಷ್ಟು ಒಣಗಿಸುವುದು ಬೇಡ. ಅತಿಯಾಗಿ ಒಣಗಿದರೆ ನೀರು ಕುಡಿಯುವಾಗ ಒಡೆಯುತ್ತದೆ. ಅದಕ್ಕೆ ಬೂದಿಯೇ ಸರಿ. ಅಕ್ಕಿಯ ಬದಲು ಬೇರೆ ಏನಾದರೂ ಆಗುತ್ತದಾ ಎಂದೂ ನೋಡಿದೆ. ಮಂಡಕ್ಕಿ ಪ್ರಯೋಜನವಿಲ್ಲ, ಬೇಗ ಮೆತ್ತಗಾಗುತ್ತದೆ. ತೆಂಗಿನ ಕರಟದ ಇದ್ದಿಲು ಪರವಾಗಿಲ್ಲ, ಆದರೆ ಬಾಟಲಿ ತುಂಬ ಮಸಿ.

ಇನ್ನೊಂದು ಪ್ರಯೋಗ ನನಗೆ ಬಹಳ ಖುಷಿ ಕೊಟ್ಟಿದೆ. ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುವುದು ಎಲ್ಲರಿಗೂ ಗೊತ್ತು. ಮಳೆಗಾಲದ ಹುಳಿಗೆ, ತೆಳ್ಳೇವು ಎಂಬ ತೆಳು ದೋಸೆಗೆ ಅದೇ ಆಧಾರ. ಚೌತಿಯಲ್ಲಿ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೂ ಅದರಲ್ಲೇ ಒಂದು ಬೇಕು. ನಾನು ಚೌತಿಯವರೆಗೂ ಕೊಳೆಯದೆ ನಿಂತ ಕಾಯಿಗಳ ಬೀಜವನ್ನೇ ಬೇರೆ ಇಡುತ್ತಿದ್ದೇನೆ. ಕೆಲವದರಲ್ಲಿ ಒಳಗೇ ಮೊಳಕೆ ಬಂದಿರುತ್ತದೆ, ಅವು ಬೇಡ. ತಿರುಳನ್ನು ಒಂದೆರಡು ದಿನ ಹುಳಿಬರಿಸಿ ತೊಳೆದರೆ ಜೊಳ್ಳು ತೇಲುತ್ತದೆ, ಗಟ್ಟಿ ತಳ ಸೇರುತ್ತದೆ. ಹೀಗೆ ಆರಿಸುತ್ತಾ ಬಂದ ಮೇಲೆ ತೂಗುಹಾಕಿದ ಕಾಯಿ ಹಾಳಾಗುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ಹಿಂದಿನವರು ಮಾಡುತ್ತಿದ್ದದ್ದೂ ಇದನ್ನೇ ಎಂದು ಅತ್ತೆ ಹೇಳಿದಾಗ ನಿಜಕ್ಕೂ ಹೆಮ್ಮೆ ಅನ್ನಿಸಿತು.

ಹಾಲುಬೆಂಡೆಗೆ ಮಾತ್ರ ಗದ್ದೆಯಲ್ಲೂ ಕಾವಲು ಬೇಕು. ಪಕ್ಕದಲ್ಲಿ ಅಂಗಡಿ ಬೆಂಡೆ ಇದ್ದರೆ ಮುಂದಿನ ಸಲ ಬಿಳಿ ಕಾಯಿಯ ಗಿಡಗಳ ನಡುವೆ ಹಸಿರು ಕಾಯಿ ಕಾಣಿಸುತ್ತದೆ. ಬೀಜಕ್ಕೆ ಬಿಡುವ ಗಿಡದಲ್ಲಿ ಮರುದಿನ ಅರಳುವ ಮೊಗ್ಗಿನ ತುದಿಗೆ ಸಂಜೆಯೇ ದಾರ ಸುತ್ತಿ. ಹೂವು ಬಾಯಿ ಬಿಡದೆ ಒಳಗೇ ಕಾಯಿ ಕಟ್ಟುತ್ತದೆ. ಗಿಡಕ್ಕೆ ನಾಲ್ಕೈದು ಕಾಯಿ ಸಾಕು.

ದುಡ್ಡಿನ ಮಾತು. ಪೇಟೆಯಲ್ಲಿ ಮಾಮೂಲಿ ಬೆಂಡೆ ಕಿಲೋಗೆ 40 ಇದ್ದಾಗ ನನ್ನ ಹಾಲುಬೆಂಡೆ 70–80ಕ್ಕೆ ಹೋಯಿತು. ಬುಟ್ಟಿ ಇಳಿಸುವುದರೊಳಗೆ ಖಾಲಿ. ಕಾರವಾರದಿಂದ ಬಂದವರೊಬ್ಬರು ‘ಇದನ್ನು ತಿನ್ನದೆ ಎಷ್ಟು ವರ್ಷ ಆಯ್ತು’ ಎಂದು ಎರಡು ಕಿಲೋ ಒಯ್ದರು. ಈ ಬೇಸಿಗೆಯಲ್ಲಿ ಗೊಬ್ಬರ, ನೀರಿನ ಖರ್ಚು ಕಳೆದು 25 ಸಾವಿರದ ಆಸುಪಾಸು ಉಳಿಯಿತು. ಬೀಜದ ಪೊಟ್ಟಣವನ್ನೂ 30 ರೂಪಾಯಿಗೆ ಕೊಟ್ಟೆ. ರೈತರು ಬೀಜ ಮಾರಿದರೆ ಕೇಸಾಗುತ್ತದೆ ಎಂದು ಯಾರೋ ಹೆದರಿಸಿದರು. ಹೆದರಬೇಡಿ. ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಲ್ಲೇ ನಮ್ಮ ಬೀಜವನ್ನು ಇಡಲು, ಹಂಚಲು, ಮಾರಲು ಅವಕಾಶ ಇದೆ. ಸಂರಕ್ಷಿತ ತಳಿಯ ಬೀಜಕ್ಕೆ ಬ್ರಾಂಡ್ ಹಾಕಿ ಮಾರಬಾರದು, ಅಷ್ಟೇ.

ಈಗ ಕೈಹಾಕಿರುವುದು ಈರುಳ್ಳಿಗೆ. ಅಳ್ವೇಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ. ಅದರ ಬೀಜ ಒಂದು ವರ್ಷ ಬದುಕುವುದೇ ಕಷ್ಟ, ಅದೂ ನಮ್ಮ ಹವೆಯಲ್ಲಿ. ಎರಡು ಬಾಟಲಿ ಇಟ್ಟಿದ್ದೇನೆ, ಒಂದಕ್ಕೆ ಅಕ್ಕಿ, ಒಂದಕ್ಕೆ ಇದ್ದಿಲು. ಸಸಿ ಮಡಿ ಮಾಡುವ ಹೊತ್ತಿಗೆ ಗೊತ್ತಾಗುತ್ತದೆ. ಹಳೆಯ ಊರ ಬದನೆ, ಪಡವಲದ ಬೀಜ ಯಾರಲ್ಲಾದರೂ ಇದ್ದರೆ ತನ್ನಿ. ಬದಲಿಗೆ ಹಾಲುಬೆಂಡೆ ಕೊಡುತ್ತೇನೆ, ಬಾಟಲಿ ಮಾತ್ರ ನಿಮ್ಮದೇ ಇರಲಿ.