ಡಬ್ಬಿ ಹಾಲು ಬಿಡಿಸಿ ಎದೆಹಾಲಿಗೆ ಮರಳಿದ್ದು: ನನ್ನ ಅನುಭವ

ಮೂರು ತಿಂಗಳಾದ ಮೇಲೆ ಹಾಲು ವಾಪಸ್ ಬರುವುದಿಲ್ಲ ಅಂತ ಡಾಕ್ಟರೂ ಹೇಳಿದ್ದರು, ಅತ್ತೆಯೂ ಹೇಳಿದ್ದರು. ಬಂತು. ಐದನೇ ತಿಂಗಳಿಗೆ ಮಗಳು ಪೂರ್ತಿ ಎದೆಹಾಲಲ್ಲೇ ಇದ್ದಳು.

ಸಿಸೇರಿಯನ್ ಆದ ರಾತ್ರಿಯೇ ಡಬ್ಬಿ ಹಾಲು ಶುರುವಾಗಿತ್ತು. 400 ಗ್ರಾಂ ಡಬ್ಬಿ ನಾಲ್ಕೈದು ದಿನಕ್ಕೆ ಖಾಲಿ, ತಿಂಗಳಿಗೆ ಹತ್ತಿರಹತ್ತಿರ 3,000 ರೂಪಾಯಿ. ಅದಕ್ಕಿಂತ ಕಾಡಿದ್ದು ಮಗುವಿನ ಹೊಟ್ಟೆ. ಎರಡು ಮೂರು ದಿನಕ್ಕೊಮ್ಮೆ ಹಸಿರು ಬಣ್ಣದ ಗಟ್ಟಿ ಕಕ್ಕ, ಮುಕ್ಕಿ ಮುಕ್ಕಿ ಅಳು. ಬ್ರ್ಯಾಂಡ್ ಬದಲಿಸಿದರೂ ಅಷ್ಟೇ. ಎದೆಹಾಲು ಹೆಚ್ಚಲಿ ಅಂತ ಶತಾವರಿ ಪುಡಿಗೆ ಸುಮ್ನೆ ಸಾವಿರ ಸುರಿದೆ. ಎದೆಹಾಲು ಹಿಂಡುವ ಪಂಪಿನ ಬಾಡಿಗೆ ತಿಂಗಳಿಗೆ ಒಂದೂವರೆ ಸಾವಿರ, ಬರುತ್ತಿದ್ದದ್ದು ಒಂದು ಸಲಕ್ಕೆ 20 ಎಂಎಲ್. ಅಮ್ಮ ಮಾಡಿ ಹಾಕಿದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿಯಿಂದ ಮೈಗೆ ಶಕ್ತಿ ಬಂತು, ಹಾಲು ಹೆಚ್ಚಲಿಲ್ಲ.

ಕೆಲಸಕ್ಕೆ ಬಂದದ್ದು ಮೆಡಿಕಲ್ ಶಾಪಿನ ಫೀಡಿಂಗ್ ಟ್ಯೂಬ್. ಐದೋ ಆರೋ ನಂಬರಿನದು, 50 ರೂಪಾಯಿ ಒಳಗೆ. ಒಂದು ತುದಿ ಡಬ್ಬಿ ಹಾಲಿನ ಲೋಟದಲ್ಲಿ, ಇನ್ನೊಂದು ಮೊಲೆತೊಟ್ಟಿನ ಪಕ್ಕ ಟೇಪಿನಡಿ. ಮಗು ಚೀಪಿದರೆ ಎರಡೂ ಹಾಲು ಸಿಗುತ್ತದೆ, ಚೀಪಿದಷ್ಟೂ ಎದೆಯಲ್ಲಿ ಹಾಲು ಊರುತ್ತದೆ. ನಡುರಾತ್ರಿಯ ಫೀಡ್ ಒಂದನ್ನೂ ತಪ್ಪಿಸಲಿಲ್ಲ. ಟೇಪನ್ನು ಹೇಗೆ ಅಂಟಿಸಿದರೆ ಮಗು ಉಗುಳುವುದಿಲ್ಲ ಅನ್ನುವುದು ನನ್ನದೇ ಕೈಚಳಕ. ಅದನ್ನು ಎದುರಿಗೆ ಕೂರಿಸಿಕೊಂಡೇ ತೋರಿಸಬೇಕು.

ಮೂರ್ನಾಲ್ಕು ದಿನಕ್ಕೊಮ್ಮೆ, ದಿನದ ಒಟ್ಟು ಡಬ್ಬಿ ಹಾಲಿನಲ್ಲಿ 50 ಎಂಎಲ್ ಇಳಿಸಿದೆ. ಪುಡಿಗೆ ನೀರು ಜಾಸ್ತಿ ಬೆರೆಸಿ ಮಾತ್ರ ಇಳಿಸಬೇಡಿ. ವಾರವಾರ ತೂಕ ನೋಡಿಸುತ್ತಿದ್ದೆ. ತೂಕ ನಿಂತರೆ, ಇಲ್ಲವೇ ಉಚ್ಚೆ ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಾದರೆ ಮತ್ತೆ ಹಿಂದಿನ ಅಳತೆಗೇ ಹೋಗುತ್ತಿದ್ದೆ. ಹೀಗೆ ಎರಡು ತಿಂಗಳು ಹಿಡಿಯಿತು.

ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. 150 ರೂಪಾಯಿಗೆ ಪಿಎಚ್ ಪಟ್ಟಿ (ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕಾಗದ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ತರಿಸಿ, ಕಕ್ಕ ಹಸಿಯಿರುವಾಗಲೇ ಮುಟ್ಟಿಸಿ ನೋಡಿದೆ. ಬಟ್ಟೆ ಲಂಗೋಟಿಯೇ ಆಗಬೇಕು, ಡಯಾಪರ್ ನೀರನ್ನೆಲ್ಲ ಹೀರಿಬಿಡುತ್ತದೆ. ಶುರುವಿನಲ್ಲಿ ಏಳರ ಹತ್ತಿರ ಇತ್ತು. ದಿನಕ್ಕೆ 100 ಎಂಎಲ್ ಡಬ್ಬಿ ಹಾಲು ಉಳಿದಿದ್ದಾಗಲೂ ಆರರ ಕೆಳಗೆ ಇಳಿಯಲಿಲ್ಲ. ಪೂರ್ತಿ ಬಿಟ್ಟ ಮೇಲೆ ಐದು, ಐದೂವರೆ! ಎದೆಹಾಲಿನ ಕೆಲವು ಸಕ್ಕರೆಗಳು ಮಗುವಿಗೆ ಅರಗುವುದಿಲ್ಲ, ಕರುಳಲ್ಲಿರುವ ಬೈಫಿಡೊ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಅವನ್ನು ತಿಂದು ಕರುಳನ್ನು ಹುಳಿ ಮಾಡುತ್ತವೆ, ಆ ಹುಳಿಯಲ್ಲಿ ಕೆಟ್ಟ ಕ್ರಿಮಿಗಳು ಬೆಳೆಯುವುದು ಕಷ್ಟ ಅಂತ ಹೇಳುತ್ತಾರೆ. ಅದನ್ನೇ ಪಟ್ಟಿಯ ಬಣ್ಣದಲ್ಲಿ ಕಂಡಾಗ ಆದ ಖುಷಿ ದೊಡ್ಡದು. ಡಾಕ್ಟರಿಗೂ ತೋರಿಸಿದೆ.

ಈಗ ಕಕ್ಕ ಸಾಸಿವೆ ಹಳದಿ, ತೆಳು, ದಿನಕ್ಕೆ ಮೂರ್ನಾಲ್ಕು ಸಲ. ಮುಕ್ಕುವುದು ನಿಂತಿದೆ. ಪಟ್ಟಿಗಳು ಇನ್ನೂ ಉಳಿದಿವೆ. ಆರು ತಿಂಗಳು ತುಂಬಿ ರಾಗಿ ಸರಿ ಶುರು ಮಾಡಿದಾಗ ಮತ್ತೆ ಅಳೆದು ನೋಡುತ್ತೇನೆ.