ಡ್ರಿಪ್ ಇದೆ, ಸಾಲಿನ ಕೊನೆಯ ಗಿಡಕ್ಕೆ ನೀರು ಸಿಗುತ್ತಿದೆಯಾ?

ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ನಂಬಿಕೆ ಇಲ್ಲ. ಅದಕ್ಕೇ ಟೊಮೆಟೊಗೆ ಡ್ರಿಪ್, ಅಂದರೆ ಹನಿ ನೀರಾವರಿ ಹಾಕುತ್ತೇವೆ. ಆದರೂ ಗೇಟ್‌ವಾಲ್ವ್ ಪಕ್ಕದ ಗಿಡ ಸೊಂಪಾಗಿರುತ್ತದೆ, ಸಾಲಿನ ತುದಿಯದು ಮಧ್ಯಾಹ್ನಕ್ಕೇ ಬಾಡಿರುತ್ತದೆ. ಆಗ ಸುಮ್ನೆ ಮೋಟರ್ ಇನ್ನೊಂದು ಗಂಟೆ ಜಾಸ್ತಿ ಓಡಿಸಬೇಡಿ. ಮೊದಲು ಅಳೆಯಿರಿ.

ಮೂರು ಲೋಟ ಸಾಕು. ಸಾಲಿನ ಮೊದಲು, ನಡುವೆ, ತುದಿಯಲ್ಲಿ ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಶೀಟ್ ಎತ್ತಿ, ನೀರು ತೊಟ್ಟಿಕ್ಕುವ ಡ್ರಿಪ್ಪರ್ ಕೆಳಗೆ ಮಣ್ಣು ಕೆದಕಿ ಲೋಟ ಕೂರಿಸಿ. ಪೈಪಿನಲ್ಲಿ ನೀರು ತುಂಬಿ ಪ್ರೆಷರ್ ಬಂದ ಮೇಲೆ ಸರಿಯಾಗಿ 6 ನಿಮಿಷ ಹಿಡಿಯಿರಿ. ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್ ಆದರೆ ಲೋಟದಲ್ಲಿ 200 ಮಿಲಿ ಇರಬೇಕು. 4 ಲೀಟರಿನದಾದರೆ 400.

ಮೂರರಲ್ಲೂ ಕಮ್ಮಿ ಇದ್ದರೆ ಮೊದಲು ಫಿಲ್ಟರ್ ಬಿಚ್ಚಿ. ಜಾಲರಿಗೆ ಕೆಂಪು ಲೋಳೆ ಮೆತ್ತಿಕೊಂಡಿರುತ್ತದೆ, ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕೃಷಿಹೊಂಡದ ನೀರಾದರೆ ಪಾಚಿ ಬರುತ್ತದೆ, ಅದಕ್ಕೆ ಮರಳಿನ ಫಿಲ್ಟರ್ ಬೇಕೇ ಬೇಕು.

ತುದಿಯಲ್ಲಿ ಮಾತ್ರ ಕಮ್ಮಿಯೇ? ದಾರಿಯಲ್ಲಿ ಪೈಪು ಸೋರುತ್ತಿದೆಯಾ ನೋಡಿ. ಆಮೇಲೆ ನಾಲ್ಕೈದು ಸಾಲಿನ ಎಂಡ್ ಕ್ಯಾಪ್ (ಪೈಪಿನ ತುದಿಯ ಮುಚ್ಚಳ) ತೆಗೆದು ನೀರು ಬಿಡಿ. ಮೊದಲು ರಾಡಿ ಬರುತ್ತದೆ. ನೀರು ತಿಳಿಯಾಗುವ ತನಕ ಕಾಯಿರಿ, ಆಮೇಲೆ ಮುಂದಿನ ಸಾಲುಗಳು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಕಸ ತಳ್ಳುವಷ್ಟು ಪ್ರೆಷರ್ ಸಿಗುವುದಿಲ್ಲ.

ಡ್ರಿಪ್ಪರ್ ಬಾಯಲ್ಲಿ ಬಿಳಿ ಪೊರೆ ಕಂಡರೆ ಅದು ಗಡಸು ನೀರಿನ ಸುಣ್ಣ, ಆಸಿಡ್‌ಗೆ ಕರಗುತ್ತದೆ. ಎಷ್ಟು ಹಾಕಬೇಕೆಂದು ನೀರು ಪರೀಕ್ಷೆ ಮಾಡಿಸಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಒಂದು ಮಾತ್ರ ಮರೆಯಬೇಡಿ: ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಲೇಬಾರದು. ಸಿಡಿದು ಕಣ್ಣಿಗೆ ಹಾರುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕ್ಯಾನ್ ಮುಟ್ಟಬೇಡಿ.

ಇನ್ನು ಎಷ್ಟು ಹೊತ್ತು ನೀರು ಬಿಡಬೇಕು? ಮಣ್ಣನ್ನೇ ಕೇಳಬೇಕು. ಗಿಡದ ಪಕ್ಕ ಅರ್ಧ ಅಡಿ ತೋಡಿ ಒಂದು ಹಿಡಿ ಮಣ್ಣು ಹಿಂಡಿ. ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿದರೆ ಒಡೆದರೆ ಇವತ್ತಿಗೆ ಸಾಕು. ಉಂಡೆಯೇ ಆಗದಿದ್ದರೆ ನೀರು ಬಿಡಿ. ಅಂಗೈಗೆ ಅಂಟಿದರೆ ಜಾಸ್ತಿ ಆಗಿದೆ. ಕೆಂಪು ಮಣ್ಣಿಗೆ ದಿನಾ ಸ್ವಲ್ಪ ಸ್ವಲ್ಪ ಕೊಡುವುದೇ ಒಳ್ಳೆಯದು. ಟೊಮೆಟೊಗೆ ನಾಲ್ಕು ದಿನ ಒಣಗಿಸಿ ಐದನೇ ದಿನ ಸುರಿದರೆ ಹಣ್ಣು ಬಿರಿಯುತ್ತದೆ, ಕಾಯಿಯ ಬುಡ ಕಪ್ಪಾಗುತ್ತದೆ.

ಲೋಟದ ಅಳತೆಯನ್ನು ಪಂಪ್‌ಹೌಸ್ ಗೋಡೆ ಮೇಲೆ ತಾರೀಕಿನ ಜೊತೆ ಬರೆದಿಡಿ. ಹದಿನೈದು ದಿನ ಬಿಟ್ಟು ಅದೇ ಮೂರು ಜಾಗದಲ್ಲಿ ಮತ್ತೆ ಹಿಡಿಯಿರಿ.